ಅಂಗಡಿಯವನ ಬಾಯಿ

“ಹೊಡೆಯೋದಿದ್ರೆ ಎದುರಿಗೇ ನಿಂತು ಹೊಡೀತಿದ್ದೆ ಕಣಮ್ಮ. ಹಿಂದಿನಿಂದ ಹೋಗಿ ಬುರುಡೆಗೆ ಬಾರಿಸೋ ಜಾಯಮಾನ ನಂದಲ್ಲ,” ಎಂದಳು ಮೌರೀನ್ ಲೆವರ್ಟನ್.

ಡೆನೀಸ್ ಓಡ್ಲಿಂಗ್‌ಗೆ ನಗು ಬಂತು, ನಗಲಿಲ್ಲ. ಠಾಣೆಯ ಆ ಕಿಟಕಿಯಿಲ್ಲದ ಕೋಣೆಯಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಡಿಟೆಕ್ಟಿವ್ ಸಾರ್ಜೆಂಟ್ ಆಗಿ ಅವಳು ಎಷ್ಟೋ ಕೊಲೆಗಾರರ ಎದುರು ಕೂತಿದ್ದಾಳೆ. ಅರವತ್ತು ದಾಟಿದ ಈ ಅಂಗಡಿಯಾಕೆ ಆ ಜಾತಿಗೆ ಸೇರಿದವಳೆಂದರೆ ಅವಳ ಮನಸ್ಸು ಸುತಾರಾಂ ಒಪ್ಪುತ್ತಿರಲಿಲ್ಲ.

ಒಪ್ಪಿದವರು ಇನ್ಸ್‌ಪೆಕ್ಟರ್ ಕಾಥಾರ್ನ್. ಸ್ಕೆಲ್ಬಿ ಬಂದರಿನ ನೀರಿನಲ್ಲಿ ಸಿಗರೇಟು ಕಂಪನಿಯ ಪ್ರತಿನಿಧಿ ಕ್ಲೈವ್ ಟ್ರೆಡ್‌ಗೋಲ್ಡನ ಹೆಣ, ಬುರುಡೆ ಒಡೆದು, ತೇಲಿದ ಮರುದಿನ ಅವನ ಚರ್ಮದ ಚೀಲ ಮೌರೀನಳ ಹಿತ್ತಲಲ್ಲಿ, ಕಸದ ತೊಟ್ಟಿಯ ಹಿಂದೆ ಸಿಕ್ಕಿತ್ತು. ಅವನು ಸಾಯುವ ದಿನ ಬೆಳಿಗ್ಗೆ ಮೌರೀನ್ ಅವನನ್ನು ಬೀದಿಗೆ ತಳ್ಳಿ ಬೈದದ್ದನ್ನು ಅರ್ಧ ಊರು ನೋಡಿತ್ತು. ಅಷ್ಟು ಸಾಕಲ್ಲವೇ, ಎಂದಿದ್ದರು ಕಾಥಾರ್ನ್. ಸಂಜೆ ಆರಕ್ಕೆ ಕೊಲೆ ಆರೋಪ ಹೊರಿಸುವುದು, ಬೆಳಿಗ್ಗೆ ಕೋರ್ಟು, ಆಮೇಲೆ ಜೈಲು.

“ಜೈಲಿಗೆ ನಾನು ಹೆದರಲ್ಲ. ರಾನ್‌ನ ಯಾರು ನೋಡ್ಕೋತಾರೆ, ಹೇಳು,” ಎಂದಳು ಮೌರೀನ್.

ರಾನ್ ಅವಳ ಗಂಡ. ನಲವತ್ತು ವರ್ಷ ಸಿಗರೇಟು ಸೇದಿ ಶ್ವಾಸಕೋಶ ಜರಡಿಯಾಗಿ, ಈಗ ಅಂಗಡಿಯ ಮೇಲಿನ ಕೋಣೆಯಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು ಮಲಗಿದ್ದ. ಆಸ್ಪತ್ರೆಯಲ್ಲಿ ಸಾಯಗೊಡುವುದಿಲ್ಲ, ನಮ್ಮ ಮಂಚದ ಮೇಲಿಂದಲೇ ಕಳಿಸಿಕೊಡುತ್ತೇನೆ ಎಂದು ಅವಳು ಮಾತು ಕೊಟ್ಟಿದ್ದಳು. ಸದ್ಯಕ್ಕೆ ಪಕ್ಕದ ಮನೆಯ ಏವ್ರಿಲ್ ಅವನ ಹತ್ತಿರ ಕೂತಿದ್ದಳು. ಏವ್ರಿಲ್‌ಗೂ ಸಂಜೆ ಕೆಲಸವಿತ್ತು.

ಡೆನೀಸ್ ಬಾಯಲ್ಲಿದ್ದ ನಿಕೋಟಿನ್ ಗಮ್ಮನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿದಳು. ಸಿಗರೇಟು ಬಿಟ್ಟು ಹೆಚ್ಚು ದಿನವಾಗಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ಇನ್ನೂ ತಿಳಿಯುತ್ತಿರಲಿಲ್ಲ. ಮೇಜಿನ ಕೆಳಗೆ ಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು. ಇಂಥ ಹೊತ್ತಿನಲ್ಲೇ ತಂಬಾಕಿನ ಕೇಸು ತನ್ನ ತಲೆಗೆ ಬಂದು ಬಿದ್ದದ್ದಕ್ಕೆ ಅವಳು ಯಾರನ್ನು ಬೈಯಬೇಕೋ ಗೊತ್ತಾಗದೆ ಎಲ್ಲರನ್ನೂ ಬೈದುಕೊಂಡಿದ್ದಳು.

ಟ್ರೆಡ್‌ಗೋಲ್ಡ್ ಅಂಗಡಿಗೆ ಬಂದು ಮಾಡುತ್ತಿದ್ದುದಾದರೂ ಏನು ಎಂದು ಅವಳು ಇನ್ನೊಮ್ಮೆ ಕೇಳಿದಳು. ಮೌರೀನ್ ಆರಿದ ಚಹಾವನ್ನು ಪಕ್ಕಕ್ಕೆ ಸರಿಸಿ, ದಡ್ಡ ಮಗುವಿಗೆ ಹೇಳುವ ಹಾಗೆ ಮೊದಲಿನಿಂದ ಶುರುಮಾಡಿದಳು.

ಅವನೂ ಒಂದು ಕಾಲದಲ್ಲಿ ರಾಜನ ಹಾಗೆ ಮೆರೆದವನು. ಊರಿನ ಹೆಬ್ಬಾಗಿಲಲ್ಲಿ ಮನೆಯಷ್ಟೆತ್ತರದ ಅವನ ಕಂಪನಿಯ ಚಿತ್ರ, ರೇಸು ಕಾರಿನ ಮೈತುಂಬ ಕಂಪನಿಯ ಬಣ್ಣ, ಸ್ನೂಕರ್ ಪಂದ್ಯಕ್ಕೆ ಕಂಪನಿಯ ಟ್ರೋಫಿ. ಆಮೇಲೆ ಸರ್ಕಾರ ಒಂದೊಂದಾಗಿ ಕಿತ್ತುಕೊಂಡಿತು. ಮೊದಲು ಬೀದಿಯ ಫಲಕ ಹೋಯಿತು, ಪತ್ರಿಕೆ ಹೋಯಿತು, ಆಟೋಟ ಹೋಯಿತು. ಅಂಗಡಿಯ ಕಪಾಟಿಗೆ ಮುಚ್ಚುಬಾಗಿಲು ಬಂತು, ಗಿರಾಕಿ ಕೇಳಿದಾಗ ತೆರೆದು ತಕ್ಷಣ ಮುಚ್ಚಬೇಕು. ಕೊನೆಗೆ ಪೊಟ್ಟಣದ ಬಣ್ಣವೂ ಹೋಗಿ, ಎಲ್ಲ ಕಂಪನಿಯದೂ ಒಂದೇ ಕೆಸರಿನ ಬಣ್ಣ, ಮೇಲೊಂದು ಕೊಳೆತ ಅಂಗದ ಚಿತ್ರ, ಹೆಸರು ಎಲ್ಲೋ ಕೆಳಗೆ ಒಂದೇ ಅಳತೆಯ ಅಕ್ಷರದಲ್ಲಿ. ಇಷ್ಟೆಲ್ಲ ಆದ ಮೇಲೆ ಕಂಪನಿಗೆ ಜಾಹೀರಾತಿಗೆ ಉಳಿದ ಜಾಗವಾದರೂ ಯಾವುದು?

“ನನ್ನ ಬಾಯಿ,” ಎಂದು ಮೌರೀನ್ ತನ್ನ ತುಟಿಗೆ ಬೆರಳು ತೋರಿಸಿದಳು. “ಅಂಗಡಿಯವಳ ಬಾಯಿ. ಅದನ್ನ ಮುಚ್ಚಿಸೋ ಕಾನೂನು ಇನ್ನೂ ಬಂದಿಲ್ಲವಲ್ಲ.”

ಆ ಬಾಯಿಯನ್ನು ಪಳಗಿಸುವುದೇ ಟ್ರೆಡ್‌ಗೋಲ್ಡನ ಉದ್ಯೋಗ. ಗಿರಾಕಿಯ ವೇಷದಲ್ಲಿ ಬಂದು, ಯಾವುದು ಚೆನ್ನಾಗಿದೆ ಎಂದು ಮುಗ್ಧನಂತೆ ಕೇಳುವುದು. ಅವನ ಕಂಪನಿಯ ಹೆಸರು ಮೊದಲು ಬಾಯಿಗೆ ಬಂದರೆ ಚೀಲದಿಂದ ಅಲ್ಲೇ ಬಹುಮಾನ: ಇಯರ್‌ಫೋನು, ಹೋಟೆಲಿನಲ್ಲಿ ಪುಕ್ಕಟೆ ತಂಗುವ ಚೀಟಿ. ಬರದಿದ್ದರೆ ಹಿಂದಿನ ಕೋಣೆಯಲ್ಲಿ ಪಾಠ. ಹೆಸರು, ರುಚಿ, ಬೆಲೆ, ಈ ಮೂರೂ ಒಂದೇ ಉಸಿರಿನಲ್ಲಿ ಬರಬೇಕು. ಕಪಾಟಿನ ಬಾಗಿಲನ್ನು ನಿಧಾನ ಸರಿಸಬೇಕು, ಗಿರಾಕಿಯ ಕಣ್ಣು ಮೇಲಿನ ಎಡಗಡೆಯ ಸಾಲಿಗೆ ಬೀಳುವ ಹಾಗೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಷ್ಟು ಸಲ ಹೇಳಿಸುತ್ತಿದ್ದ. ಆಚೆ ಬೀದಿಯ ಅಂಗಡಿಯವನೊಬ್ಬ ಹೆಂಡತಿ ಊಟಕ್ಕೆ ಏನು ಮಾಡಲಿ ಎಂದು ಕೇಳಿದಾಗಲೂ ಅದನ್ನೇ ಒಪ್ಪಿಸಿದ್ದನಂತೆ.

ರಾನ್ ಹಾಸಿಗೆ ಹಿಡಿದ ಮೇಲೆ ಮೌರೀನ್ ಆ ಪಾಠ ನಿಲ್ಲಿಸಿದ್ದಳು. ಕೇಳಿದವರಿಗೆ ಕೊಡುತ್ತಿದ್ದಳು, ಹೊಗಳುತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಅವನು ಹೊಸದೇನೋ ಇದೆ, ಒಳಗೆ ಹೋಗೋಣ ಬಾ ಎಂದ. ಮೇಲೆ ರಾನ್ ಕೆಮ್ಮುವುದು ಕೇಳಿಸುತ್ತಿತ್ತು. ಅವಳಿಗೆ ಪಿತ್ತ ನೆತ್ತಿಗೇರಿತು. ಅವನು ಆ ಹೊಸದನ್ನು ಹೇಳುವ ಮುಂಚೆ ಕಾಲರು ಹಿಡಿದು ಹೊರಗೆ ನೂಕಿದಳು.

“ಆಮೇಲೆ ಎಲ್ಲಿಗೆ ಹೋದ?” ಎಂದು ಡೆನೀಸ್ ಕೇಳಿದಳು.

“ಇನ್ನೊಂದು ಬಾಯಿ ಹುಡುಕಿಕೊಂಡು. ಈ ಊರಲ್ಲಿ ಬಾಯಿಗೇನು ಬರವೇ?”

*

ಆ ಇನ್ನೊಂದು ಬಾಯಿಯನ್ನು ಹುಡುಕುತ್ತ ಡೆನೀಸ್ ಊರೆಲ್ಲ ಸುತ್ತಿದಳು. ಕಾರು ಓಡಿಸುತ್ತಿದ್ದವನು ಕಾನ್‌ಸ್ಟೇಬಲ್ ಕೀರನ್ ಮಾಸಪ್. ಸಮುದ್ರದಿಂದ ಬೀಸುವ ಗಾಳಿ ಕಾರನ್ನೇ ಅಲುಗಾಡಿಸುತ್ತಿತ್ತು. ಕಡಲಹಕ್ಕಿಗಳು ಚಿಪ್ಸಿನ ಕಾಗದಕ್ಕಾಗಿ ಒಂದನ್ನೊಂದು ಕುಕ್ಕಿ ಕಿರುಚುತ್ತಿದ್ದವು. ಡೆನೀಸ್ ಕಿಟಕಿಯ ಗಾಜನ್ನು ಇಳಿಸುವುದು, ಏರಿಸುವುದು, ಮತ್ತೆ ಇಳಿಸುವುದು ಮಾಡುತ್ತಿದ್ದಳು.

“ಸಾರ್ಜೆಂಟಮ್ಮ, ಆ ಗಾಜು ಏನು ಪಾಪ ಮಾಡಿತ್ತು?” ಎಂದ ಕೀರನ್.

ಸುಮ್ಮನೆ ರಸ್ತೆ ನೋಡು ಎಂದು ಅವಳು ಗದರಿದಳು. ಅವನು ರಸ್ತೆ ನೋಡಿದ.

ಟ್ರೆಡ್‌ಗೋಲ್ಡ್ ಆ ದಿನ ಯಾವ ಯಾವ ಅಂಗಡಿಗೆ ಹೋಗಿದ್ದ ಎಂಬುದು ಎಲ್ಲಿಯೂ ಬರೆದಿರಲಿಲ್ಲ. ಅದೂ ಕಾನೂನಿನ ಮಹಿಮೆಯೇ. ಕಾಗದದಲ್ಲಿ ಒಂದು ಸಾಲು ಹೊಗಳಿ ಬರೆದು ಗಿರಾಕಿಯ ಕಣ್ಣಿಗೆ ಬಿದ್ದರೆ ಅದು ಜಾಹೀರಾತಾಗಿ ದಂಡ ಬೀಳುತ್ತದೆ, ಬಾಯಲ್ಲಿ ಹೇಳಿದರೆ ಬೀಳುವುದಿಲ್ಲ. ಆದ್ದರಿಂದ ಕಂಪನಿ ತನ್ನ ಈ ಜನರ ಕೈಯಲ್ಲಿ ಒಂದು ಚೂರು ಕಾಗದವನ್ನೂ ಕೊಡುತ್ತಿರಲಿಲ್ಲ. ಎಲ್ಲವೂ ಬಾಯಿಪಾಠ. ಚೀಲದಲ್ಲಿ ಸಿಕ್ಕಿದ್ದು ಬಹುಮಾನದ ಸಾಮಾನು ಮತ್ತು ಅರ್ಧ ತಿಂದ ಹಂದಿಮಾಂಸದ ಸ್ಯಾಂಡ್‌ವಿಚ್ಚು.

ಆ ಸ್ಯಾಂಡ್‌ವಿಚ್ಚೇ ಡೆನೀಸಳನ್ನು ಕೊರೆಯುತ್ತಿದ್ದದ್ದು. ಅವನು ಸತ್ತ ರಾತ್ರಿ ಬೆಳಗಿನ ತನಕ ಮಳೆ ಹೊಯ್ದಿತ್ತು. ಚೀಲದ ಬಾಯಿ ತೆರೆದೇ ಇತ್ತು. ಒಳಗಿನ ಸ್ಯಾಂಡ್‌ವಿಚ್ಚು ಮಾತ್ರ ಒಣಗಿ ಗರಿಗರಿಯಾಗಿತ್ತು. ಅಂದರೆ ಚೀಲ ರಾತ್ರಿಯೆಲ್ಲ ಯಾರದೋ ಸೂರಿನಡಿ ಇದ್ದು, ಮಳೆ ನಿಂತ ಮೇಲೆ ಮೌರೀನಳ ಹಿತ್ತಲಿಗೆ ಬಂದಿದೆ. ಇದನ್ನು ಹೇಳಿದಾಗ ಕಾಥಾರ್ನ್, ತೊಟ್ಟಿಯ ಮರೆ ಇತ್ತಲ್ಲ ಎಂದು ತಳ್ಳಿಹಾಕಿದ್ದರು. ಮಳೆ ತೊಟ್ಟಿಯ ಮರೆ ಕೇಳಿಕೊಂಡು ಬರುತ್ತದೆಯೇ?

ಅಂಗಡಿಗಳಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಟ್ರೆಡ್‌ಗೋಲ್ಡ್ ಅಂದರೆ ಯಾರು? ಅಯ್ಯೋ, ನಮ್ಮಲ್ಲಿಗೆ ಬಂದೇ ಇಲ್ಲ. ಬಂದಿದ್ದಾನೇನೋ, ನೆನಪಿಲ್ಲ. ಪಾರ್ಕ್ ಸ್ಟ್ರೀಟಿನ ಮೂಲೆಯ ಜಿತೇಂದ್ರ ವಾಘೇಲಾ ಒಬ್ಬರೇ, ಆರು ತಿಂಗಳ ಹಿಂದೆ ಒಂದು ಹೋಟೆಲ್ ಚೀಟಿ ಗೆದ್ದೆ, ಹಾಸಿಗೆಯಲ್ಲಿ ತಿಗಣೆ ಇತ್ತು ಎಂದು ಒಪ್ಪಿಕೊಂಡರು. ಆ ದಿನ ಮಾತ್ರ ಅವನು ಬಂದಿರಲಿಲ್ಲ ಎಂದು ದೇವರ ಪಟದ ಮೇಲೆ ಕೈಯಿಟ್ಟು ಹೇಳಿದರು.

ಪ್ರತಿ ಅಂಗಡಿಯಲ್ಲೂ ಯಾರೋ ಗಿರಾಕಿ ಬರುವುದು, ಕಪಾಟಿನ ಬಾಗಿಲು ಸರಿಯುವುದು, ಕೆಸರು ಬಣ್ಣದ ಸಾಲು ಒಂದು ಗಳಿಗೆ ಕಾಣಿಸಿ ಮರೆಯಾಗುವುದು. ಅವಳು ಹಿಂದೆ ಸೇದುತ್ತಿದ್ದ, ಟ್ರೆಡ್‌ಗೋಲ್ಡನ ಕಂಪನಿಯದೇ ಆದ ಕಿನ್‌ಲಾಕ್ ಅದೇ ಸಾಲಿನಲ್ಲಿರುತ್ತಿತ್ತು. ಮುಚ್ಚಿಟ್ಟರೆ ಮರೆಯುತ್ತಾರೆ ಎಂದುಕೊಂಡು ಕಾನೂನು ಮಾಡಿದವನು ಒಂದು ದಿನವೂ ಸಿಗರೇಟು ಬಿಟ್ಟವನಿರಲಾರ ಎಂದು ಡೆನೀಸ್ ಹಲ್ಲು ಕಡಿದಳು.

ನಾಲ್ಕೂವರೆಗೆ ಕೀರನ್ ಲಂಡನ್ನಿನ ಕಂಪನಿ ಕಚೇರಿಗೆ ಮತ್ತೆ ಫೋನು ಹಚ್ಚಿದ. ಅಲ್ಲಿ ಟ್ರೆಡ್‌ಗೋಲ್ಡನ ಮೇಲಧಿಕಾರಿ ಫಿಲಿಪ್ಪ ಗ್ಯಾರೊಡ್ ಎಂಬಾಕೆ. ಮಾತಾಡಿ ಮುಗಿಸಿದ ಮೇಲೆ ಕೀರನ್ ಕಿವಿ ಉಜ್ಜಿಕೊಂಡ. ಫ್ರಿಜ್ಜಿನೊಳಗೆ ತಲೆ ಇಟ್ಟ ಹಾಗಾಯಿತಂತೆ.

ಆಕೆ ಹೇಳಿದ್ದು ಇಷ್ಟು. ಆ ದಿನ ಬೆಳಿಗ್ಗೆ ಟ್ರೆಡ್‌ಗೋಲ್ಡ್ ಒಂದು ಹೊಸ ಪಾಠ ಹಿಡಿದು ಹೊರಟಿದ್ದ. ಇಡೀ ದೇಶದಲ್ಲಿ ಮೊದಲು ಸ್ಕೆಲ್ಬಿಯಲ್ಲಿ ಹೇಳಿ ನೋಡೋಣವೆಂದು ಅವನೊಬ್ಬನಿಗೇ ಫೋನಿನಲ್ಲಿ ಹೇಳಿಕೊಟ್ಟಿದ್ದರು. ಅವನು ಸತ್ತ ಸುದ್ದಿ ಬಂದ ಕೂಡಲೇ ನಿಲ್ಲಿಸಿಬಿಟ್ಟರು. ಪಾಠ ಏನೆಂದು ಮಾತ್ರ ಹೇಳಲಾರೆ, ಅದು ವ್ಯಾಪಾರದ ಗುಟ್ಟು, ಕೋರ್ಟಿನ ಆಜ್ಞೆ ತನ್ನಿ.

“ಕೋರ್ಟಿನ ಆಜ್ಞೆ ಬರೋ ಹೊತ್ತಿಗೆ ಮೌರೀನಮ್ಮ ಜೈಲಲ್ಲಿ, ರಾನಪ್ಪ ಆಸ್ಪತ್ರೇಲಿ,” ಎಂದ ಕೀರನ್.

ಡೆನೀಸ್ ಗಡಿಯಾರ ನೋಡಿದಳು, ಗಮ್ಮಿನ ಡಬ್ಬಿ ತೆಗೆದಳು. ಡಬ್ಬಿ ಖಾಲಿಯಾಗಿತ್ತು. ಅವಳಿಗೆ ಅಳುವೇ ಬಂದ ಹಾಗಾಯಿತು.

“ಗಾಡಿ ನಿಲ್ಲಿಸು,” ಎಂದಳು. “ಥರ್ಕೆಲ್ ಅಂಗಡೀಲಿ ಸಿಗುತ್ತೆ.”

*

ಗ್ರಹಾಂ ಥರ್ಕೆಲ್‌ನ ಮೇಲೆ ಯಾರಿಗೂ ಅನುಮಾನವಿರಲಿಲ್ಲ, ಡೆನೀಸಳಿಗೂ ಇರಲಿಲ್ಲ. ಊರಲ್ಲಿ ಮೂರು ಅಂಗಡಿ, ವ್ಯಾಪಾರಿಗಳ ಸಂಘದ ಅಧ್ಯಕ್ಷಗಿರಿ, ಕ್ರಿಸ್‌ಮಸ್‌ಗೆ ಮುದುಕರಿಗೆಲ್ಲ ಪುಡಿಂಗು ಹಂಚುವ ದೊಡ್ಡತನ. ಸಿಗರೇಟು ಕಂಪನಿಯವರನ್ನು ಹೊಸಿಲು ದಾಟಿಸುವುದಿಲ್ಲವೆಂದು ಅವನು ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟಿದ್ದ. ಅದಕ್ಕಾಗಿ ಪುರಸಭೆ ಮಾದರಿ ವ್ಯಾಪಾರಿ ಎಂದು ಕೊಟ್ಟ ಫಲಕ ಗಲ್ಲಾದ ಹಿಂದೆ ಗೋಡೆಯಲ್ಲಿ ಹೊಳೆಯುತ್ತಿತ್ತು. ಊರಲ್ಲಿ ತಂಬಾಕು ಮಾರಾಟದ ಮೇಲೆ ಕಣ್ಣಿಡುವುದಕ್ಕೆ ಹೊಸ ಸಮಿತಿಯೊಂದು ಬರಲಿತ್ತು, ಅದಕ್ಕೂ ಅವನೇ ಮುಖ್ಯಸ್ಥನಾಗುತ್ತಾನೆಂಬ ಮಾತಿತ್ತು. ಟ್ರೆಡ್‌ಗೋಲ್ಡನ ಮುಖವನ್ನೇ ಕಂಡಿಲ್ಲವೆಂದು ಅವನು ಮೊದಲ ದಿನವೇ ಪೊಲೀಸರಿಗೆ ಹೇಳಿದ್ದ. ಯಾರೂ ಎರಡನೇ ಸಲ ಕೇಳಿರಲಿಲ್ಲ.

ಡೆನೀಸ್ ಒಳಗೆ ಬಂದಾಗ ಅವನು ಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಗಮ್ಮು ಗಲ್ಲಾದ ಮುಂದೆಯೇ, ಕೈಗೆ ಎಟುಕುವ ಹಾಗಿತ್ತು. ಅವಳು ಅದಕ್ಕೇ ಬಂದಿದ್ದಳು. ಆದರೆ ಬೆಳಗಿನಿಂದ ತಡೆದು ತಡೆದು ಇಟ್ಟಿದ್ದ ಏನೋ ಒಂದು ಆ ಗಳಿಗೆ ಕೈಬಿಟ್ಟುಹೋಯಿತು. ತನ್ನ ಬಾಯಿಂದ ಬಂದ ಮಾತು ಕೇಳಿ ತನಗೇ ನಾಚಿಕೆಯಾಯಿತು.

“ಒಂದು ಕಿನ್‌ಲಾಕ್ ಕೊಡಿ.”

ಥರ್ಕೆಲ್ ತಲೆಯೆತ್ತಲೂ ಇಲ್ಲ. ಒಂದು ಕೈಯಲ್ಲಿ ಪತ್ರಿಕೆಯ ಕಟ್ಟು ಹಿಡಿದೇ ಹಿಂದಕ್ಕೆ ತಿರುಗಿ ಕಪಾಟಿನ ಬಾಗಿಲನ್ನು ಸರಿಸಿದ. ನಿಧಾನವಾಗಿ ಸರಿಸಿದ.

“ಕಿನ್‌ಲಾಕ್ ಹೋಗಿ ಆರ್ಮಿಟೇಜ್ ಬಂತು ಮೇಡಂ, ಅದೇ ಎಲೆ, ಅದೇ ರುಚಿ, ಬೆಲೆ ಮಾತ್ರ ಕಡಿಮೆ,” ಎಂದ.

ಒಂದೇ ಉಸಿರಿನಲ್ಲಿ ಬಂತು, ಶಾಲೆಯ ಮಗು ಮಗ್ಗಿ ಒಪ್ಪಿಸಿದ ಹಾಗೆ.

ಡೆನೀಸ್ ಕಪಾಟಿನ ಕಡೆ ನೋಡಿದಳು. ಮೇಲಿನ ಎಡಗಡೆಯ ಸಾಲಿನಲ್ಲಿ ಕಿನ್‌ಲಾಕ್ ತುಂಬಿ ತುಳುಕುತ್ತಿತ್ತು. ಆರ್ಮಿಟೇಜ್ ಎಂಬ ಹೆಸರು ಆ ಕಪಾಟಿನಲ್ಲಿ ಎಲ್ಲಿಯೂ ಇರಲಿಲ್ಲ. ಬೆಳಗಿನಿಂದ ಹೊಕ್ಕ ಅಂಗಡಿಗಳಲ್ಲಿ ಒಂದರಲ್ಲೂ ಅವಳು ಆ ಹೆಸರು ಕಂಡಿರಲಿಲ್ಲ, ಕೇಳಿರಲಿಲ್ಲ. 

“ಇರೋವರೆಗೂ ಕಿನ್‌ಲಾಕೇ ಕೊಡಿ,” ಎಂದಳು, ಆದಷ್ಟು ಸಾಧಾರಣವಾಗಿ.

ಅವನು ಈಗ ತಲೆಯೆತ್ತಿ ಅವಳ ಮುಖ ನೋಡಿದ. ಗುರುತು ಸಿಕ್ಕಿತು. ಓಹೋ ಸಾರ್ಜೆಂಟ್, ನೀವೂ ಸೇದುತ್ತೀರಾ, ಆರೋಗ್ಯ ನೋಡಿಕೊಳ್ಳಿ ಎಂದು ಉಪಚಾರದ ಮಾತಾಡಿ ಪೊಟ್ಟಣ ಕೊಟ್ಟ. ತಾನು ಏನು ಹೇಳಿದೆನೆಂಬುದು ಅವನಿಗೆ ಹೊಳೆದಿರಲಿಲ್ಲ. ಕೈ ತಾನಾಗಿ ಸರಿದಿತ್ತು, ನಾಲಿಗೆ ತಾನಾಗಿ ಹೊರಳಿತ್ತು.

ಹೊರಗೆ ಬಂದವಳೇ ಪೊಟ್ಟಣವನ್ನು ಒಡೆಯದೆ ಕೀರನ್‌ನ ತೊಡೆಯ ಮೇಲೆ ಎಸೆದು ಅವನ ಫೋನು ಕಿತ್ತುಕೊಂಡಳು. ಲಂಡನ್ನಿನಲ್ಲಿ ಫಿಲಿಪ್ಪ ಗ್ಯಾರೊಡ್ ಮತ್ತೆ ಕೋರ್ಟಿನ ಆಜ್ಞೆಯ ರಾಗ ಎತ್ತಿದಳು. ಡೆನೀಸ್ ಅದನ್ನು ನಡುವೆಯೇ ತುಂಡರಿಸಿದಳು.

“ಕಿನ್‌ಲಾಕ್ ಹೋಗಿ ಆರ್ಮಿಟೇಜ್ ಬಂತು. ಅದೇ ಎಲೆ, ಅದೇ ರುಚಿ, ಬೆಲೆ ಮಾತ್ರ ಕಡಿಮೆ.”

ಆ ಕಡೆ ಬಾಗಿಲೊಂದು ಮುಚ್ಚಿದ ಸದ್ದು ಬಂತು. 

“ಯಾರು ಹೇಳಿದ್ರು ನಿಮಗೆ?” ಎಂದಳು ಗ್ಯಾರೊಡ್. ಫ್ರಿಜ್ಜಿನ ಥಂಡಿ ಇಳಿದುಹೋಗಿತ್ತು.

ಆಮೇಲೆ ಅವಳು ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಹೆಸರು ಬದಲಾಗುವುದು ಮುಂದಿನ ತಿಂಗಳು. ಸಗಟು ವ್ಯಾಪಾರಿಗೂ ತಿಳಿಸಿಲ್ಲ. ಬೇರೆ ಸರಕಾದರೆ ಟೀವಿಯಲ್ಲಿ ಡಂಗುರ ಹೊಡೆಸಬಹುದು, ಇದಕ್ಕೆ ಆ ದಾರಿಯಿಲ್ಲ. ಹಳೆಯ ಹೆಸರಿನ ಗಿರಾಕಿ ಹೊಸ ಹೆಸರಿಗೆ ಬರಬೇಕಾದರೆ ಅಂಗಡಿಯವನು ಬಾಯಲ್ಲಿ ಹೇಳಬೇಕು, ಅಂಗಡಿಯವನಿಗೆ ಟ್ರೆಡ್‌ಗೋಲ್ಡ್ ಬಾಯಲ್ಲಿ ಹೇಳಬೇಕು. ಆ ಸಾಲು ಗೊತ್ತಿರುವ ಮನುಷ್ಯ ಸ್ಕೆಲ್ಬಿಯಲ್ಲಿ ಇದ್ದಾನೆಂದರೆ ಅವನು ಆ ದಿನ ಟ್ರೆಡ್‌ಗೋಲ್ಡನ ಎದುರು ನಿಂತು ಕಲಿತಿರಲೇಬೇಕು.

ಡೆನೀಸ್ ಕೀರನ್‌ಗೆ ಎರಡೇ ಮಾತು ಹೇಳಿದಳು. ಇನ್ಸ್‌ಪೆಕ್ಟರ್‌ಗೆ ಫೋನ್ ಮಾಡು. ಮೌರೀನಳ ಮೇಲೆ ಆರೋಪ ಹೊರಿಸಬೇಡಿ, ನಾನು ಬರುವವರೆಗೆ ತಡೆಯಿರಿ ಎನ್ನು. ಗಂಟೆ ಐದೂಕಾಲು ದಾಟಿತ್ತು.

*

ಅವಳು ಮತ್ತೆ ಒಳಗೆ ಬಂದದ್ದನ್ನು ನೋಡಿ ಥರ್ಕೆಲ್ ಬೆಂಕಿಪೊಟ್ಟಣ ಮರೆತಿರಾ ಎಂದು ನಕ್ಕ.

“ಆರ್ಮಿಟೇಜ್ ಯಾವಾಗ ಬರುತ್ತೆ, ಥರ್ಕೆಲ್?”

ನಗು ಮುಖದಲ್ಲೇ ಉಳಿಯಿತು, ಕಣ್ಣಿನಿಂದ ಮಾತ್ರ ಇಳಿಯಿತು. ಅವನು ಪತ್ರಿಕೆಗಳ ಅಂಚನ್ನು ಸರಿಮಾಡಿದ. ಅದು ಯಾವುದು, ತನಗೆ ಗೊತ್ತಿಲ್ಲ ಎಂದ. ಈಗ ತಾನೇ ನೀವೇ ಹೇಳಿದಿರಲ್ಲ ಎಂದಳು ಅವಳು. ಹಾಗಾದರೆ ಸಗಟು ವ್ಯಾಪಾರಿ ಹೇಳಿರಬೇಕು ಎಂದ. ಸಗಟು ವ್ಯಾಪಾರಿಗೆ ಇನ್ನೂ ಗೊತ್ತಿಲ್ಲ ಎಂದಳು. ಯಾರೋ ಗಿರಾಕಿ ಹೇಳಿರಬೇಕು.

“ಗಿರಾಕಿ ಹೇಳಿದ್ರೆ ಹೆಸರೊಂದು ಹೇಳ್ತಾನೆ. ಹೆಸರು, ರುಚಿ, ಬೆಲೆ ಅಂತ ಸಾಲಾಗಿ ಜೋಡಿಸಿ ಹೇಳಲ್ಲ. ಆ ಬಾಗಿಲು ಹೇಗೆ ಸರಿಸಬೇಕು ಅಂತಾನೂ ತೋರಿಸಿಕೊಡಲ್ಲ. ನೀವು ಹೊಸಬರಲ್ಲ ಥರ್ಕೆಲ್. ಬಹಳ ವರ್ಷದ ಶಿಷ್ಯ.”

ಥರ್ಕೆಲ್‌ನ ಕಣ್ಣು ಅರೆಗಳಿಗೆ ಗೋಡೆಯ ಫಲಕದ ಕಡೆ ಹೋಗಿ ಬಂತು. ಹಾಗೆ ಹೋದದ್ದು ಅವನಿಗೂ ಗೊತ್ತಾಯಿತು, ಅವಳಿಗೂ ಗೊತ್ತಾಯಿತು.

ಡೆನೀಸ್ ಬಿಡಲಿಲ್ಲ. ನಿಂತಲ್ಲಿ ನಿಲ್ಲಲಾರದೆ ಗಲ್ಲಾದ ಉದ್ದಕ್ಕೂ ಅತ್ತಿಂದಿತ್ತ ನಡೆಯುತ್ತಲೇ ಒಂದೊಂದಾಗಿ ಮುಂದಿಟ್ಟಳು. ಕಂಪನಿಯವರನ್ನು ಹೊಸಿಲು ದಾಟಿಸದ ಮನುಷ್ಯ ಹಿಂದಿನ ಕೋಣೆಯಲ್ಲಿ ಕೂತು ಪಾಠ ಕಲಿತಿದ್ದಾನೆ. ಹಾಗೆ ಕಲಿಯುವುದು ಅಪರಾಧವಲ್ಲ, ಊರಲ್ಲಿ ಅರ್ಧಕ್ಕರ್ಧ ಜನ ಕಲಿತಿದ್ದಾರೆ. ಆದರೆ ಅವರಿಗೆ ಯಾರೂ ಫಲಕ ಕೊಟ್ಟಿಲ್ಲ, ಅವರಿಗೆ ಯಾವ ಸಮಿತಿಯೂ ಕಾದು ಕೂತಿಲ್ಲ. ಟ್ರೆಡ್‌ಗೋಲ್ಡ್ ಬಾಯಿ ಬಿಟ್ಟರೆ ಮರ್ಯಾದೆ ಹೋಗುವುದು ಒಬ್ಬರದೇ.

“ಬಾಯಿ ಬಿಡ್ತೀನಿ ಅಂದನಾ?” ಎಂದಳು.

“ಅವನು ಬಂದಿದ್ದ,” ಎಂದ ಥರ್ಕೆಲ್.  “ಬಂದ, ಹೇಳಿದ, ಹೋದ. ಅಷ್ಟೇ. ಹೋಗುವಾಗ ಚೆನ್ನಾಗೇ ಇದ್ದ.”

“ಮತ್ತೆ ಮುಖಾನೇ ನೋಡಿಲ್ಲ ಅಂದ್ರಿ.”

“ಹೆದರಿಕೆ. ಈ ಊರು ನಿಮಗೆ ಗೊತ್ತಿಲ್ವಾ? ಬೆಳಿಗ್ಗೆ ತಲೆ ಮೇಲೆ ಕೂರಿಸ್ಕೊಳ್ಳುತ್ತೆ, ಸಂಜೆ ಕಾಲ ಕೆಳಗೆ ಹಾಕ್ಕೊಳ್ಳುತ್ತೆ. ಒಂದು ಸಿಗರೇಟಿನ ಹೆಸರು ಬಾಯಿಗೆ ಬಂತು ಅಂತ ಯಾರನ್ನೂ ಗಲ್ಲಿಗೆ ಹಾಕಲ್ಲ ಸಾರ್ಜೆಂಟ್.”

ಗಲ್ಲು ಈ ದೇಶದಲ್ಲಿ ಎಂದೋ ಹೋಯಿತು, ಜೈಲು ಇದೆ ಎಂದಳು ಡೆನೀಸ್. ಆ ಚೀಲ ಮಳೆಯ ರಾತ್ರಿ ಯಾರ ಸೂರಿನಡಿ ಇತ್ತು ಎಂದು ಕೇಳಿದಳು. ಅವನ ಹಣೆಯ ಮೇಲೆ ಬೆವರು ಮೂಡಿತ್ತು. ಅಂಗಿಯ ತೋಳಿನಿಂದ ಒರೆಸಿಕೊಂಡ. ಮೌರೀನ್ ಬೈದು ಅಟ್ಟಿದ್ದನ್ನು ಊರೇ ನೋಡಿತ್ತಲ್ಲ, ಚೀಲ ಎಸೆಯಲು ಅದಕ್ಕಿಂತ ಒಳ್ಳೆಯ ಹಿತ್ತಲು ಸಿಗುತ್ತಿತ್ತೇ ಎಂದು ಅವಳು ಮೆಲ್ಲಗೆ ಕೇಳಿದಳು.

ಥರ್ಕೆಲ್ ಏಪ್ರನ್ನಿನ ಗಂಟು ಬಿಚ್ಚಿದ, ಮತ್ತೆ ಕಟ್ಟಿದ. ಇನ್ನೊಂದು ತಳ್ಳು ಸಾಕು, ಇವನು ಉರುಳುತ್ತಾನೆ ಎಂದು ಡೆನೀಸಳಿಗೆ ಅನ್ನಿಸಿತು. ಬೆಳಗಿನಿಂದ ಮೊದಲ ಬಾರಿಗೆ ಅವಳ ಕಾಲು ಒಂದು ಕಡೆ ನಿಂತಿತು. ಮೌರೀನ್ ಇವತ್ತು ರಾತ್ರಿ ಮನೆಗೆ ಹೋಗುತ್ತಾಳೆ, ಗಂಡನ ಮಂಚದ ಪಕ್ಕದಲ್ಲಿ ಕೂತು ಪೊಲೀಸರನ್ನು ಬಾಯಿ ತುಂಬ ಬೈಯುತ್ತಾಳೆ ಎಂದುಕೊಂಡು ಅವಳಿಗೆ ಒಳಗೊಳಗೇ ಖುಷಿಯಾಯಿತು.

ಆಗ ಅವಳ ಫೋನು ಬಡಿದುಕೊಂಡಿತು. ಕಾಥಾರ್ನ್.

“ಕೀರನ್ ಏನೋ ಬಡಬಡಿಸ್ತಿದಾನೆ. ಅದೆಲ್ಲ ಬಿಟ್ಟು ವಾಪಸ್ ಬಾ,” ಎಂದರು. “ಮೌರೀನ್ ಒಪ್ಕೊಂಡ್ಲು. ತಾನೇ ಹೊಡೆದೆ, ತಾನೇ ನೀರಿಗೆ ತಳ್ಳಿದೆ ಅಂದ್ಲು. ಸಹಿ ಕೂಡ ಹಾಕಿದ್ಲು.”

ಅದು ಸುಳ್ಳು ಎಂದಳು ಡೆನೀಸ್. ಕಾಥಾರ್ನ್ ಹೇಳುತ್ತಲೇ ಇದ್ದರು. ವ್ಯಾಪಾರಿಗಳ ಸಂಘ ಅವಳಿಗಾಗಿ ಒಬ್ಬ ವಕೀಲನನ್ನು ಕಳಿಸಿತ್ತಂತೆ. ಅವನು ಅವಳೊಬ್ಬಳ ಜೊತೆ ಸ್ವಲ್ಪ ಹೊತ್ತು ಮಾತಾಡಿ ಹೋದ. ಅವನು ಹೋದ ಮೇಲೆ ಅವಳು ಬಾಗಿಲು ಬಡಿದು ತಾನಾಗಿಯೇ ಕರೆದಳಂತೆ. ಅತ್ತಿರಲಿಲ್ಲ, ಕೂಗಿರಲಿಲ್ಲ. ಮುಖ ಮಾತ್ರ ಸುಣ್ಣದ ಹಾಗಾಗಿತ್ತು.

ಡೆನೀಸ್ ಫೋನನ್ನು ಕಿವಿಯಿಂದ ಇಳಿಸಿದಳು. ಆಸ್ಪತ್ರೆಯಲ್ಲಿ ಗಂಡ ಸಾಯಬಾರದೆಂದು ಹಟ ಹಿಡಿದ ಹೆಂಗಸು, ಜೈಲಿಗೆ ಹೋದರೆ ಅವನ ಗತಿ ಏನೆಂದು ಬೆಳಗಿನಿಂದ ಅದೊಂದನ್ನೇ ಕೇಳುತ್ತಿದ್ದ ಹೆಂಗಸು, ತಾನಾಗಿ ಜೈಲಿನ ಬಾಗಿಲು ಏಕೆ ತಟ್ಟಿದಳು? ಸಂಘದ ವಕೀಲ ಅವಳ ಕಿವಿಯಲ್ಲಿ ಹೇಳಿದ್ದೇನು? ಸಂಘದ ಅಧ್ಯಕ್ಷ ಡೆನೀಸಳ ಎದುರೇ ನಿಂತಿದ್ದ.

ಥರ್ಕೆಲ್ ಬೆವರು ಒರೆಸುವುದನ್ನು ನಿಲ್ಲಿಸಿದ್ದ. ಫೋನಿನಲ್ಲಿ ಬಂದ ಸುದ್ದಿ ಏನೆಂದು ಅವನು ಕೇಳಲಿಲ್ಲ. ಗಲ್ಲಾದ ಆಚೆಯಿಂದ ಬಂದು, ಅಂಗಡಿಯ ಬೀದಿಬಾಗಿಲಲ್ಲಿ ತೂಗುತ್ತಿದ್ದ ಹಲಗೆಯನ್ನು ‘ಮುಚ್ಚಿದೆ’ ಎಂದು ಬರೆದ ಕಡೆಗೆ ತಿರುಗಿಸಿ, ಮತ್ತೆ ತನ್ನ ಜಾಗಕ್ಕೆ ಹೋದ. ದನಿ ಈಗ ಮುದುಕರಿಗೆ ಪುಡಿಂಗು ಹಂಚುವವನ ದನಿಯಾಗಿತ್ತು.

“ಮೌರೀನ್‌ಗೆ ಒಂದು ಮಾತು ತಿಳಿಸಿಬಿಡಿ ಸಾರ್ಜೆಂಟ್. ರಾನ್ ಬಗ್ಗೆ ಏನೂ ಯೋಚನೆ ಬೇಡ ಅಂತ. ಏವ್ರಿಲ್‌ಗೆ ಕೆಲಸಕ್ಕೆ ಹೊತ್ತಾಗಿತ್ತು, ಪಾಪ. ನಾನೇ ನಾಲ್ಕು ಗಂಟೆಗೆ ಹೋಗಿ ಅವನನ್ನ ಇಲ್ಲಿಗೆ ಕರ್ಕೊಂಡು ಬಂದೆ. ಮೇಲೆ ಮಲಗಿದಾನೆ. ಆ ಆಮ್ಲಜನಕದ ಯಂತ್ರ ಒಂದು ಇದೆಯಲ್ಲ, ಅದನ್ನ ಬೇರೆ ಯಾರ ಕೈಗೂ ಕೊಟ್ಟಿಲ್ಲ. ನಾನೇ ನೋಡ್ಕೋತಿದೀನಿ.”

ಗಲ್ಲಾದ ಹಿಂದೆ, ಕಪಾಟಿನ ಪಕ್ಕದಲ್ಲಿ, ಮೆಟ್ಟಿಲಿಗೆ ಹೋಗುವ ಬಾಗಿಲಿತ್ತು. ಥರ್ಕೆಲ್ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದ, ಕೀಲಿಕೈ ಅವನ ಕೈಯಲ್ಲಿತ್ತು.